ಸ್ಲೈಡು ನಲವತ್ತು, ಕೆಲಸಕ್ಕೆ ಬಂದದ್ದು ಒಂದು ವಾಕ್ಯ

ನಾನು ಲಂಡನ್ನಿನಲ್ಲಿ ಸ್ಪೀಚ್ ಥೆರಪಿಸ್ಟ್. ಎರಡು ಭಾಷೆಯಲ್ಲಿ ಬೆಳೆಯುವ ಮಕ್ಕಳ ಜೊತೆ ನನ್ನ ಕೆಲಸ. ಒಮ್ಮೆ ಈಲಿಂಗ್ ಕಡೆಯ ಪೋಲಿಷ್ ಶನಿವಾರದ ಶಾಲೆಯೊಂದರ ಟೀಚರ್‌ಗಳಿಗೆ ತರಬೇತಿ ಕೊಡಲು ಕರೆದರು. 2004ರಲ್ಲಿ ಪೋಲೆಂಡ್ ಯುರೋಪಿಯನ್ ಯೂನಿಯನ್ ಸೇರಿದ ಮೇಲೆ ಇಲ್ಲಿಗೆ ಬಂದವರ ಮಕ್ಕಳೇ ಅಲ್ಲಿ ಜಾಸ್ತಿ. ವಾರವೆಲ್ಲ ಇಂಗ್ಲಿಷ್ ಶಾಲೆ, ಶನಿವಾರ ಬೆಳಿಗ್ಗೆ ಪೋಲಿಷ್. ಕಟ್ಟಡ ಬಾಡಿಗೆಯದು. ಟೀಚರ್‌ಗಳು ಬಂದ ಕೂಡಲೇ ಬೆಂಚುಗಳ ಫೋಟೋ ತೆಗೆದಿಟ್ಟುಕೊಳ್ಳುತ್ತಾರೆ. ಹೋಗುವಾಗ ಹಾಗೇ ಜೋಡಿಸಿಡಬೇಕಲ್ಲ!

ನಲವತ್ತು ಸ್ಲೈಡು ಮಾಡಿಕೊಂಡು ಹೋಗಿದ್ದೆ. ಹತ್ತನೆಯದಕ್ಕೇ ಆಕಳಿಕೆ ಶುರು. ಪಾಪ, ವಾರವೆಲ್ಲ ಆಫೀಸು, ಗೋಡೌನು ಅಂತ ದುಡಿದವರು. ಆಗ ಒಬ್ಬರು ಕೈ ಎತ್ತಿದರು. "ನನ್ನ ಕ್ಲಾಸಿನ ಹುಡುಗ 'ಯೆಸ್ತೆಮ್ ಓಶೆಮ್' ಅಂತಾನೆ. ತಿದ್ದಿ ತಿದ್ದಿ ಸಾಕಾಯಿತು. ಈಗ ಬಾಯೇ ಬಿಡಲ್ಲ."

ಹಾಗಂದರೆ 'ನಾನು ಎಂಟು'. ಇಂಗ್ಲಿಷಿನ 'ಐ ಆ್ಯಮ್ ಏಯ್ಟ್' ಅನ್ನೇ ಪೋಲಿಷ್ ಪದಗಳಲ್ಲಿ ಹೇಳಿದ್ದಾನೆ. ಪೋಲಿಷ್‌ನಲ್ಲಿ 'ಮಾಮ್ ಓಶೆಮ್ ಲಾತ್' ಅನ್ನಬೇಕು, ನನ್ನ ಹತ್ತಿರ ಎಂಟು ವರ್ಷ ಇದೆ ಅನ್ನೋ ಥರ. ಅದರಲ್ಲೂ ಒಂದು ವರ್ಷಕ್ಕೆ ರೋಕ್, ಎರಡು, ಮೂರು, ನಾಲ್ಕಕ್ಕೆ ಲಾತಾ, ಐದಕ್ಕೆ ಬಂದರೆ ಲಾತ್. ವಾರ್ಸಾದ ಮಗು ಇದನ್ನು ದಿನಾ ಹತ್ತು ಜನರ ಬಾಯಲ್ಲಿ ಕೇಳುತ್ತದೆ. ಈ ಹುಡುಗ ಕೇಳುವುದು ಮನೆಯಲ್ಲಿ, ಅಮ್ಮನ ಬಾಯಲ್ಲಿ, ಅಷ್ಟೇ.

ಲ್ಯಾಪ್‌ಟಾಪ್ ಮುಚ್ಚಿದೆ. ಇಬ್ಬಿಬ್ಬರನ್ನು ಎದುರುಬದುರು ಕೂರಿಸಿದೆ. ಒಬ್ಬರು ಆ ಹುಡುಗ, ಇನ್ನೊಬ್ಬರು ಟೀಚರ್. 'ತಪ್ಪು' ಅನ್ನುವ ಹಾಗಿಲ್ಲ. ಸರಿಯಾದ ಮಾತು ನಿಮ್ಮ ಉತ್ತರದೊಳಗೇ ಬರಬೇಕು, ಹಿಂದೆಯೇ ಇನ್ನೊಂದು ಪ್ರಶ್ನೆ. "ಓ, ಮಾಶ್ ಓಶೆಮ್ ಲಾತ್, ನಿನಗೆ ಎಂಟು ವರ್ಷವಾ? ನಿನ್ನ ತಮ್ಮನಿಗೆ ಮೂರಾ, ನಾಲ್ಕಾ 'ಲಾತಾ'?" ತಮ್ಮನ ಲೆಕ್ಕದಲ್ಲಿ 'ಲಾತಾ' ಕೂಡ ಕಿವಿಗೆ ಬಿತ್ತು, ಅಲ್ವಾ? ಬರವಣಿಗೆಯಲ್ಲಾದರೆ ತಿದ್ದಿ, ಬೇಡ ಅನ್ನಲ್ಲ. ಮಾತಾಡುವಾಗ ಮಾತ್ರ ತಡೆಯಬೇಡಿ ಅಂದೆ.

ಹೇಳೋಕೆ ಸುಲಭ. ಆಟ ಶುರುವಾಗುತ್ತಲೇ ಮೂಲೆಮೂಲೆಯಿಂದ "ನ್ಯೆ, ನ್ಯೆ!" ಅಲ್ಲ, ಅಲ್ಲ ಅಂತ. ತಮ್ಮ ದನಿ ತಮಗೇ ಕೇಳಿಸಿ ಎಲ್ಲರೂ ನಕ್ಕರು. ಮೂರನೇ ಸುತ್ತಿಗೆ ಕೈ ಕುದುರಿತು. ಮಿಕ್ಕ ಮೂವತ್ತು ಸ್ಲೈಡು ಯಾರೂ ಕೇಳಲಿಲ್ಲ.

ಖುಷಿಯಾಗಿ ಮನೆಗೆ ಬಂದೆ. ಮಗಳು ಮೈಸೂರಿನ ಅಜ್ಜಿಯ ಜೊತೆ ಫೋನಿನಲ್ಲಿದ್ದಳು. "ಅಜ್ಜಿ, ನಾನು ಈಗ ಒಂಬತ್ತು!"

"ನಾನು ಅಲ್ವೇ, ನನಗೆ! ನನಗೆ ಒಂಬತ್ತು ವರ್ಷ!" ಅಡುಗೆಮನೆಯಿಂದಲೇ ಕೂಗಿದೆ.

ಅವಳು ಫೋನು ತಂದು ನನ್ನ ಕೈಗಿಟ್ಟು ರೂಮಿಗೆ ಹೋದಳು.