ಮೈನಸ್ 48

ನಿನ್ನೆ ಮಧ್ಯರಾತ್ರಿ ಟೆಲಿಫೋನ್ ಎಕ್ಸ್‌ಚೇಂಜ್‌ನಲ್ಲಿ ಶೆಲ್ಫಿನ ಸರ್ಕ್ಯೂಟ್ ಕಾರ್ಡ್ ಬದಲಾಯಿಸುವ ಕೆಲಸ ಇತ್ತು. ಮೈಯ ಸ್ಥಿರ ವಿದ್ಯುತ್ತು ಕಾರ್ಡಿಗೆ ತಾಗದಂತೆ ಮಣಿಕಟ್ಟಿಗೆ ಇಎಸ್‌ಡಿ ಪಟ್ಟಿ ಹಾಕಿಕೊಂಡು, ಹೊಸ ಕಾರ್ಡನ್ನು ಮೆಲ್ಲಗೆ ಸ್ಲಾಟಿನೊಳಗೆ ಜಾರಿಸಿ, ಎರಡೂ ಲಿವರ್ ಒಟ್ಟಿಗೆ ಒತ್ತಿದೆ. ಮೊದಲು ಕೆಂಪು ದೀಪ. ಎಷ್ಟೋ ಹೊತ್ತಾದ ಮೇಲೆ ಹಸಿರು. ಅಬ್ಬಾ!

ಜೊತೆಗಿದ್ದ ಹೊಸ ಹುಡುಗ ಕೇಳಿದ, "ಸರ್, ಇಲ್ಲಿ ಕರೆಂಟು ಮೈನಸ್ 48 ವೋಲ್ಟ್ ಯಾಕೆ? ಪ್ಲಸ್ ಯಾಕಲ್ಲ?"

ಎಷ್ಟು ಒಳ್ಳೆ ಪ್ರಶ್ನೆ ಅಲ್ವಾ! ಪ್ಲಸ್ ತುದಿಯನ್ನು ಅರ್ಥ್ ಮಾಡಿದರೆ, ಅಂದರೆ ನೆಲಕ್ಕೆ ಜೋಡಿಸಿದರೆ, ತಂತಿ ನೆಲಕ್ಕಿಂತ ಮೈನಸ್ ಆಗುತ್ತದೆ; ಆಗ ಮಣ್ಣಿನಲ್ಲಿ ಹೂತ ತಾಮ್ರದ ತಂತಿ ತೇವಕ್ಕೆ ಬೇಗ ಸವೆಯುವುದಿಲ್ಲ. ಹಳಬರು ಕಂಡುಕೊಂಡ ಉಪಾಯ ಇದು. ಈಗ ಹೊರಗೆ ಜಾಸ್ತಿ ಫೈಬರ್ರೇ. ಆದರೂ ನಮ್ಮ 19 ಇಂಚಿನ ರ್ಯಾಕಿಗೆ ಇವತ್ತಿಗೂ ಅದೇ ಮೈನಸ್ 48. ಯಾರೋ ತಂತಿಯ ಮೇಲೆ ಇಟ್ಟ ಕಾಳಜಿ ಇನ್ನೂ ಇಲ್ಲಿ ಹರಿಯುತ್ತಿದೆ ಅನ್ನಿಸಿತು. ಫ್ಯಾನಿನ ಸದ್ದು ಕೇಳುತ್ತಾ ಸುಮ್ನೆ ಸ್ವಲ್ಪ ಹೊತ್ತು ಅಲ್ಲೇ ನಿಂತೆ.