ಲಸಿಕೆ ಒಗ್ಗದ ನಾಯಿಗೆ ಏನು ಮಾಡೋದು?

ದಕ್ಷಿಣ ಕೊಡಗಿನ ಸಣ್ಣ ಊರೊಂದರಲ್ಲಿ ನಾಯಿ, ದನ, ಹಂದಿ ಎಲ್ಲವನ್ನೂ ನೋಡುವ ಪಶುವೈದ್ಯ ನಾನು. ಮಳೆ ಹಿಡಿಯುವ ಮುಂಚೆ, ಏಪ್ರಿಲ್-ಮೇ ತಿಂಗಳಲ್ಲಿ, ನಾಯಿಗಳಿಗೆ ಲಸಿಕೆ ಹಾಕಿಸಲು ಬರುವವರು ಜಾಸ್ತಿ. ಅವರಲ್ಲಿ ಯಾರಾದರೂ ಒಬ್ಬರು ಕಾರ್ಡನ್ನು ಮೇಜಿನ ಮೇಲಿಟ್ಟು ಹೇಳುತ್ತಾರೆ: "ಡಾಕ್ಟ್ರೇ, ಹೋದ ಸಲ ಇವನಿಗೆ ರಿಯಾಕ್ಷನ್ ಆಗಿತ್ತು. ಈ ಸಲ ಇಂಜೆಕ್ಷನ್ ಬೇಡ. ಬೇರೆ ಏನಾದರೂ ಇದ್ದರೆ ಕೊಡಿ."

ಮನೆಮಗುವಿನ ಹಾಗೆ ಸಾಕಿದ ನಾಯಿ ಕಣ್ಣೆದುರೇ ಕುಸಿದದ್ದನ್ನು ನೋಡಿದವರಿಗೆ "ಏನೂ ಆಗಲ್ಲ ಬಿಡಿ" ಅಂತ ಸಮಾಧಾನ ಹೇಳುವುದು ಸರಿಯಲ್ಲ. ಆಗಬಹುದು. ಹಾಗಂತ ಲಸಿಕೆಯನ್ನೇ ಬಿಟ್ಟರೆ ಆಗುವುದು ಇನ್ನೂ ಕೆಟ್ಟದ್ದು. ಈ ಎರಡರ ನಡುವೆ ಒಂದು ದಾರಿ ಇದೆ, ಅದು ಪ್ರತಿ ನಾಯಿಗೂ ಬೇರೆ. ಅದನ್ನು ಹುಡುಕಲು ನಾನು ಮೊದಲು ಕೇಳುವುದು ಒಂದೇ: ಏನಾಯ್ತು, ಇಂಜೆಕ್ಷನ್ ಕೊಟ್ಟು ಎಷ್ಟು ಹೊತ್ತಿಗೆ ಆಯ್ತು?

ಉತ್ತರದಲ್ಲಿ ಅರ್ಧ ಕೆಲಸ ಮುಗಿದಿರುತ್ತದೆ. ಲಸಿಕೆ ಹಾಕಿದ ದಿನ ಸಂಜೆ ಮಂಕಾಗಿ ಮಲಗಿತ್ತು, ಊಟ ಬಿಟ್ಟಿತ್ತು, ಮೈ ಬೆಚ್ಚಗಿತ್ತು, ಒಂದೆರಡು ದಿನದಲ್ಲಿ ಸರಿಹೋಯಿತು ಅಂದರೆ ಅದು ಹೆದರುವಂಥದ್ದಲ್ಲ. ದೇಹ ಲಸಿಕೆಗೆ ಸ್ಪಂದಿಸುವಾಗ ಇಷ್ಟು ಆಗುವುದುಂಟು. ಆದರೆ ಕೆಲವು ನಿಮಿಷದಿಂದ ಕೆಲವು ಗಂಟೆಯೊಳಗೆ ಮುಖ ಊದಿತು, ಮೈ ತುಂಬ ದದ್ದು ಎದ್ದಿತು, ವಾಂತಿ ಮಾಡಿತು, ಒಸಡು ಬಿಳಿಚಿಕೊಂಡು ಕುಸಿದುಬಿತ್ತು ಅಂದರೆ ಅದು ನಿಜವಾದ ಅಲರ್ಜಿ. ಆ ನಾಯಿಯ ಕಾರ್ಡಿನ ಮೇಲೆ ಕೆಂಪು ಪೆನ್ನಿನಲ್ಲಿ ಬರೆದಿಡಬೇಕು. ಇಲ್ಲೊಂದು ಮಾತು ಗಮನದಲ್ಲಿಡಿ. ನಾಯಿಗಳಲ್ಲಿ ಇಂಥ ಅಲರ್ಜಿಯ ಪೆಟ್ಟು ಹೆಚ್ಚಾಗಿ ಹೊಟ್ಟೆ, ಕರುಳು, ಲಿವರ್ ಮೇಲೆ ಬೀಳುತ್ತದೆ. ಲಸಿಕೆ ಹಾಕಿಸಿಕೊಂಡು ಹೋಗುವಾಗ ಕಾರಿನಲ್ಲೇ ವಾಂತಿ ಮಾಡಿದರೆ "ಘಾಟ್ ರಸ್ತೆ, ತಿರುವು ಜಾಸ್ತಿ, ಅದಕ್ಕೇ" ಅಂದುಕೊಂಡು ಮುಂದೆ ಹೋಗಬೇಡಿ. ಗಾಡಿ ತಿರುಗಿಸಿ.

ಮೂರನೆಯ ಬಗೆಯೂ ಇದೆ. "ಲಸಿಕೆ ಹಾಕಿ ಹತ್ತು ಹನ್ನೆರಡು ದಿನಕ್ಕೆ ಜ್ವರ ಬಂತು, ಊಟ ಬಿಟ್ಟಿತು, ಸೊರಗಿಹೋಯಿತು." ಹೀಗೆ ಹೇಳಿಕೊಂಡು ಬಂದ ಒಂದು ಲ್ಯಾಬ್ರಡಾರ್‌ನ ಒಸಡು ನೋಡಿದರೆ ಪೇಪರಿನಷ್ಟು ಬಿಳಿ. ಕಿವಿಯೊಳಗೆ ಉಣ್ಣಿ. ಕಿವಿಯ ತುದಿಯಿಂದ ಒಂದು ಹನಿ ರಕ್ತ ತೆಗೆದು ಗಾಜಿನ ಮೇಲೆ ಎಳೆದು ನೋಡಿದಾಗ ಬೆಬೇಸಿಯಾ ಅನ್ನುವ ರಕ್ತದ ಪರೋಪಜೀವಿ ಕಾಣಿಸಿತು. ಅದು ಉಣ್ಣಿ ಜ್ವರ. ಕಾಫಿ ತೋಟದಲ್ಲಿ ಓಡಾಡುವ ನಾಯಿಗಳಿಗೆ ಉಣ್ಣಿ ತಪ್ಪಿದ್ದಲ್ಲ ಅಲ್ವಾ? ದೂರು ಮಾತ್ರ ಲಸಿಕೆಯ ಮೇಲೆ ಬಂದಿತ್ತು. ಲಸಿಕೆಯ ನಂತರ ರಕ್ತಕಣಗಳನ್ನು ದೇಹವೇ ಒಡೆದುಹಾಕುವ ಕಾಯಿಲೆ ಅಪರೂಪಕ್ಕೆ ಕಾಣಿಸಿಕೊಂಡ ವರದಿಗಳಿವೆ, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಇಲ್ಲಿ ರಕ್ತ ಪರೀಕ್ಷೆ ಮಾಡದೆ ಲಸಿಕೆಯನ್ನು ದೂರಬಾರದು. ಹಾಗೆಯೇ ಜ್ವರ ಇರುವ, ಒಸಡು ಬಿಳಿಚಿದ ನಾಯಿಗೆ ನಾನು ಲಸಿಕೆ ಚುಚ್ಚುವುದೂ ಇಲ್ಲ. ಮೊದಲು ಕಾಯಿಲೆ ವಾಸಿಯಾಗಲಿ.

ನಿಜವಾದ ಅಲರ್ಜಿಯ ಒಂದು ಕೇಸು ಹೇಳುತ್ತೇನೆ. ಪೊನ್ನಂಪೇಟೆ ಕಡೆಯ ತೋಟದ ಮನೆಯ ಹಿರಿಯ ಹೆಂಗಸೊಬ್ಬರು ಒಂದು ಡ್ಯಾಶ್‌ಹಂಡ್ ತಂದಿದ್ದರು. ಆರು ಕೆಜಿಯ ಹೆಣ್ಣು ನಾಯಿ. ಹಿಂದಿನ ವರ್ಷ ಬೇರೆ ಊರಿನಲ್ಲಿ ಲಸಿಕೆ ಹಾಕಿಸಿದ್ದರು. ಅರ್ಧ ಗಂಟೆಯೊಳಗೆ ಕಣ್ಣು ಮುಚ್ಚಿಹೋಗುವಷ್ಟು ಮುಖ ಊದಿ, ತುಟಿ ಜೋತುಬಿದ್ದಿತ್ತಂತೆ. ಅವರ ಮೊಮ್ಮಗ ಫೋನಿನಲ್ಲಿ ಫೋಟೋ ತೆಗೆದಿಟ್ಟಿದ್ದ. ನನಗೆ ಅದಕ್ಕಿಂತ ದೊಡ್ಡ ಉಪಕಾರ ಇಲ್ಲ. ಕಾರ್ಡ್ ತೆಗೆದು ನೋಡಿದೆ. ಒಂದೇ ದಿನ ದೊಡ್ಡ ಕಾಂಬಿನೇಷನ್ ಲಸಿಕೆ (ಹಲವು ರೋಗಕ್ಕೆ ಸೇರಿ ಒಂದೇ ಇಂಜೆಕ್ಷನ್), ರೇಬೀಸ್, ಕೆನಲ್ ಕಾಫ್ (ನಾಯಿಯಿಂದ ನಾಯಿಗೆ ಹರಡುವ ಕೆಮ್ಮು) ಮೂರೂ ಆಗಿತ್ತು. ಆರೋಗ್ಯವಾಗಿರುವ ಬಹಳಷ್ಟು ನಾಯಿಗಳಿಗೆ ಹೀಗೆ ಕೊಟ್ಟರೆ ಏನೂ ಆಗುವುದಿಲ್ಲ. ಈ ನಾಯಿಗೆ ಆಯಿತು.

ಅಮೆರಿಕದಲ್ಲಿ 12 ಲಕ್ಷಕ್ಕೂ ಹೆಚ್ಚು ನಾಯಿಗಳ ದಾಖಲೆ ನೋಡಿ 2005ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನ ಇದೆ. ಲಸಿಕೆ ಹಾಕಿದ ಮೂರು ದಿನದೊಳಗೆ ತೊಂದರೆ ದಾಖಲಾಗಿದ್ದು 10,000 ನಾಯಿಗಳಲ್ಲಿ ಸುಮಾರು 38ಕ್ಕೆ. ಹೆಚ್ಚಿನವು ಸಣ್ಣಪುಟ್ಟ ತೊಂದರೆಗಳೇ. ಆದರೆ ಸಣ್ಣ ತಳಿಗಳಲ್ಲಿ ಈ ಪ್ರಮಾಣ ಜಾಸ್ತಿ ಇತ್ತು. ಡ್ಯಾಶ್‌ಹಂಡ್, ಪಗ್ ಎರಡೂ ಆ ಪಟ್ಟಿಯ ಮೇಲ್ಭಾಗದಲ್ಲೇ ಇವೆ. ಇನ್ನೊಂದು ವಿಷಯವೂ ತಿಳಿದುಬಂತು. 10 ಕೆಜಿ ಮತ್ತು ಅದಕ್ಕಿಂತ ಕಮ್ಮಿ ತೂಕದ ನಾಯಿಗಳಲ್ಲಿ, ಒಂದೇ ಭೇಟಿಯಲ್ಲಿ ಕೊಡುವ ಪ್ರತಿ ಹೆಚ್ಚುವರಿ ಲಸಿಕೆಗೆ ಅಪಾಯ ಸುಮಾರು ನೂರಕ್ಕೆ 27ರಷ್ಟು ಏರುತ್ತಿತ್ತು.

ಹಾಗಾಗಿ ಮೊದಲ ಬದಲಿ ದಾರಿ ತುಂಬ ಸರಳ. ಒಂದು ದಿನಕ್ಕೆ ಒಂದೇ ಲಸಿಕೆ. ಎರಡರ ನಡುವೆ ಮೂರು ನಾಲ್ಕು ವಾರ ಅಂತರ. ತೊಂದರೆ ಬಂದರೂ ಯಾವುದರಿಂದ ಬಂತು ಅಂತ ಆಗ ಗೊತ್ತಾಗುತ್ತದೆ.

ಎರಡನೆಯದು, ಬೇಡದ್ದನ್ನು ಬಿಡುವುದು. ವಿಶ್ವ ಸಣ್ಣ ಪ್ರಾಣಿ ಪಶುವೈದ್ಯರ ಸಂಘದ ಮಾರ್ಗಸೂಚಿ ಪ್ರಕಾರ ಎಲ್ಲ ನಾಯಿಗೂ ಬೇಕೇ ಬೇಕಾದವು ಡಿಸ್ಟೆಂಪರ್, ಪಾರ್ವೋ, ಅಡಿನೋವೈರಸ್ ಲಸಿಕೆ, ಮೂರೂ ನಾಯಿಗಳ ಜೀವ ತೆಗೆಯಬಲ್ಲ ವೈರಸ್ ರೋಗಗಳಿಗೆ. ರೇಬೀಸ್ ಇರುವ ದೇಶಗಳಲ್ಲಿ ರೇಬೀಸ್. ಇಲಿಜ್ವರ ಹೆಚ್ಚಿರುವ ಕಡೆ ಅದೂ. ದೊಡ್ಡ ಕಾಂಬಿನೇಷನ್‌ಗಳಲ್ಲಿ ಸೇರಿಸುವ ನಾಯಿಗಳ ಕೊರೊನಾ ಲಸಿಕೆಯನ್ನು (ಇದು ಕೋವಿಡ್ ಅಲ್ಲ, ನಾಯಿಮರಿಗಳ ಭೇದಿಯ ವೈರಸ್) ಅದೇ ಮಾರ್ಗಸೂಚಿ ಶಿಫಾರಸು ಮಾಡುವುದಿಲ್ಲ. ಬೋರ್ಡಿಂಗ್‌ಗೆ ಬಿಡದ, ಬೇರೆ ನಾಯಿಗಳ ಗುಂಪಿಗೆ ಹೋಗದ ನಾಯಿಗೆ ಕೆನಲ್ ಕಾಫ್ ಲಸಿಕೆಯೂ ಸಾಮಾನ್ಯವಾಗಿ ಬೇಕಾಗಿಲ್ಲ. ಮರಿಯಲ್ಲಿ ಸರಿಯಾಗಿ ಕೋರ್ಸ್ ಮುಗಿಸಿ, ಅದರ ಮೇಲೆ ಒಂದು ಬೂಸ್ಟರ್ ಆದ ದೊಡ್ಡ ನಾಯಿಗೆ ಡಿಸ್ಟೆಂಪರ್, ಪಾರ್ವೋ ಲಸಿಕೆಯನ್ನು ಮೂರು ವರ್ಷಕ್ಕಿಂತ ಬೇಗ ಕೊಡಬೇಕಾಗಿಲ್ಲ. ಪ್ರತಿ ವರ್ಷ ಎಲ್ಲವನ್ನೂ ಹಾಕುವ ರೂಢಿ ನಮ್ಮಲ್ಲಿದೆ. ಅಲರ್ಜಿ ಇರುವ ನಾಯಿಯ ವಿಷಯದಲ್ಲಾದರೂ ಅದನ್ನು ಬಿಡಬೇಕು.

ಮರಿಗಳ ಮಾತು ಬೇರೆ. ತಾಯಿಯಿಂದ ಬಂದ ರಕ್ಷಣೆ ಲಸಿಕೆಗೆ ಅಡ್ಡ ಬರುತ್ತದೆ. ಆದ್ದರಿಂದ ಮರಿಯ ಕೊನೆಯ ಡೋಸ್ 16 ವಾರ ತುಂಬಿದ ಮೇಲೇ ಬೀಳಬೇಕು. ಇಲ್ಲಿ ಚೌಕಾಸಿ ಇಲ್ಲ. ಪಾರ್ವೋ ಬಂದ ಮರಿ ರಕ್ತಭೇದಿಯಲ್ಲಿ ಒದ್ದಾಡುವುದನ್ನು ಒಮ್ಮೆ ನೋಡಿದವರು ಮತ್ತೆ ಆ ಮಾತು ಎತ್ತುವುದಿಲ್ಲ. ಆ ವೈರಸ್ ಅಂಗಳದ ಮಣ್ಣಿನಲ್ಲಿ ತಿಂಗಳುಗಟ್ಟಲೆ ಬದುಕಿರುತ್ತದೆ.

ಮೂರನೆಯ ದಾರಿ ಟೈಟರ್ ಪರೀಕ್ಷೆ. ಸ್ವಲ್ಪ ರಕ್ತ ತೆಗೆದು, ಅದರಲ್ಲಿ ಡಿಸ್ಟೆಂಪರ್, ಪಾರ್ವೋ, ಅಡಿನೋವೈರಸ್ ವಿರುದ್ಧದ ಪ್ರತಿಕಾಯ (ರೋಗಾಣುವಿನ ಜೊತೆ ಹೋರಾಡಲು ದೇಹ ತಯಾರಿಸುವ ಪ್ರೋಟೀನ್) ಇದೆಯಾ ಅಂತ ನೋಡುವುದು. ಹಿಂದೆ ಲಸಿಕೆ ಆಗಿರುವ ದೊಡ್ಡ ನಾಯಿಯಲ್ಲಿ ಪ್ರತಿಕಾಯ ಇದೆ ಅಂತ ಬಂದರೆ ಅದಕ್ಕೆ ರಕ್ಷಣೆ ಇದೆ ಅಂತಲೇ ಅರ್ಥ. ಆ ಮೂರು ಲಸಿಕೆ ಸದ್ಯ ಬೇಡ. ನಾನು ಸ್ಯಾಂಪಲ್ ಅನ್ನು ಐಸ್ ಪ್ಯಾಕ್ ಜೊತೆ ಬೆಂಗಳೂರಿಗೆ ಕಳಿಸುತ್ತೇನೆ. ಲಸಿಕೆಗಿಂತ ದುಬಾರಿ ಬೀಳುತ್ತದೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಪೊನ್ನಂಪೇಟೆಯ ಅಮ್ಮ ಒಪ್ಪಿದರು. ಮೂರೂ ಪಾಸಿಟಿವ್ ಬಂತು. ಅವರ ನಾಯಿಯ ಪಟ್ಟಿಯಿಂದ ಕಾಂಬಿನೇಷನ್‌ನ ಆ ಭಾಗವೇ ಹೋಯಿತು.

ಇಲಿಜ್ವರಕ್ಕೆ ಮಾತ್ರ ಈ ಪರೀಕ್ಷೆ ಉಪಯೋಗಕ್ಕೆ ಬರುವುದಿಲ್ಲ. ಲಸಿಕೆಯ ಪ್ರತಿಕಾಯ ಬೇಗ ಇಳಿದುಹೋಗುತ್ತದೆ, ಅದರ ಮಟ್ಟ ನೋಡಿ ರಕ್ಷಣೆ ಇದೆಯೋ ಇಲ್ಲವೋ ಹೇಳಲು ಬರುವುದಿಲ್ಲ. ಕೊಡಗಿನಲ್ಲಿ ನಾನು ಹೆಚ್ಚು ಯೋಚಿಸುವುದು ಇದರ ಬಗ್ಗೆಯೇ. ತಿಂಗಳುಗಟ್ಟಲೆ ಮಳೆ, ನೀರು ನಿಂತ ಗದ್ದೆ, ಕಣದಲ್ಲಿ, ಗೋದಾಮಿನಲ್ಲಿ ಇಲಿ, ಪಕ್ಕದಲ್ಲಿ ಹಂದಿಗೂಡು, ದನದ ಕೊಟ್ಟಿಗೆ. ಇಲಿಜ್ವರದ ಬ್ಯಾಕ್ಟೀರಿಯಾಕ್ಕೆ ಇದಕ್ಕಿಂತ ಒಳ್ಳೆ ಜಾಗ ಬೇಕಾ? ನಾಯಿಗೆ ಬಂದರೆ ಅದರ ಮೂತ್ರದಿಂದ ಮನುಷ್ಯರಿಗೂ ಬರಬಹುದು. ಈ ಲಸಿಕೆಯ ಬಲ ಸುಮಾರು ಒಂದು ವರ್ಷ ಅಷ್ಟೇ. ಮೊದಲ ಸಲವಾದರೆ ಎರಡು ಡೋಸ್ ಬೇಕು.

ಒಂದು ಅನುಕೂಲ ಇದೆ, ಬಹಳ ಜನರಿಗೆ ಗೊತ್ತಿಲ್ಲ. ಹೆಚ್ಚಿನ ಕಾಂಬಿನೇಷನ್ ಲಸಿಕೆಗಳು ಎರಡು ಪುಟ್ಟ ಬಾಟಲಿಗಳಲ್ಲಿ ಬರುತ್ತವೆ. ಒಂದರ ತಳದಲ್ಲಿ ಬಿಳಿ ಬಿಲ್ಲೆಯ ಹಾಗೆ ಒಣಗಿಸಿದ ಪುಡಿ ಇರುತ್ತದೆ. ಡಿಸ್ಟೆಂಪರ್, ಪಾರ್ವೋ ಎಲ್ಲ ಅದರಲ್ಲಿ. ಇನ್ನೊಂದರಲ್ಲಿ ಇರುವ ದ್ರವವೇ ಇಲಿಜ್ವರದ ಲಸಿಕೆ. ಸಿರಿಂಜಿನಲ್ಲಿ ದ್ರವ ಎಳೆದು ಪುಡಿಗೆ ಹಾಕಿ ಅಲ್ಲಾಡಿಸಿದರೆ ಎರಡೂ ಸೇರಿ ಒಂದಾಗುತ್ತದೆ. ಕಂಪನಿಯ ಸೂಚನೆಯಲ್ಲಿ ಅವಕಾಶ ಇದ್ದರೆ ಪುಡಿಯನ್ನು ಅದಕ್ಕೆಂದೇ ಇರುವ ಬರೀ ದ್ರವದಲ್ಲಿ ಕಲಸಿ ಕೊಡಬಹುದು. ಇಲಿಜ್ವರದ್ದನ್ನು ಬೇರೆ ದಿನ ಪ್ರತ್ಯೇಕವಾಗಿ ಕೊಡಬಹುದು. ಅಥವಾ ಒಂದನ್ನು ಪೂರ್ತಿ ಬಿಡಬಹುದು.

ಬಿಡಬೇಕಾ ಅನ್ನುವುದು ಆ ನಾಯಿಯ ಬದುಕನ್ನು ನೋಡಿ ತೀರ್ಮಾನಿಸುವ ಮಾತು. ತೋಟದ ಕೆಲಸ ನೋಡಿಕೊಳ್ಳುವ ರೈಟರ್ ಜೊತೆ ದಿನವಿಡೀ ಗದ್ದೆ, ಹೊಳೆ ಸುತ್ತುವ ನಾಯಿಗೆ ನಾನು ಬಿಡಿಸುವುದಿಲ್ಲ, ಎಚ್ಚರಿಕೆಯಿಂದ ಕೊಡುತ್ತೇನೆ. ಮಡಿಕೇರಿಯ ಮನೆಯೊಳಗೆ ಸೋಫಾ ಮೇಲೆ ಮಲಗುವ, ಒಮ್ಮೆ ಕುಸಿದುಬಿದ್ದ ನಾಯಿಯಾದರೆ ಬಿಡುವ ಯೋಚನೆ ಮಾಡಬಹುದು. ಬಿಟ್ಟರೆ ಬೇರೆ ಕೆಲಸ ಜಾಸ್ತಿ: ಇಲಿ ಹತೋಟಿ, ರಾತ್ರಿ ತಟ್ಟೆಯಲ್ಲಿ ಊಟ ಉಳಿಸದೇ ಇರುವುದು, ಹೊಂಡದ ನೀರು ಕುಡಿಯದ ಹಾಗೆ ನೋಡಿಕೊಳ್ಳುವುದು. ಮಳೆಗಾಲದಲ್ಲಿ ಜ್ವರ, ವಾಂತಿ, ಕಣ್ಣು ಹಳದಿ ಕಂಡರೆ ಅವತ್ತೇ ಕರೆತರಬೇಕು. ಬೇಗ ಶುರುಮಾಡಿದರೆ ಆಂಟಿಬಯಾಟಿಕ್ ಕೆಲಸ ಮಾಡುತ್ತದೆ.

ಈಗ ಜನ ನಿಜವಾಗಿ ಕೇಳುವ 'ಬದಲಿ'ಗಳ ಬಗ್ಗೆ. ಹೋಮಿಯೋಪತಿ ಹನಿ, ನೊಸೋಡ್ ಅನ್ನುತ್ತಾರೆ. ರೋಗದ ವಸ್ತುವನ್ನೇ ವಿಪರೀತ ತೆಳುಮಾಡಿ ತಯಾರಿಸಿದ್ದು. ಅದರಿಂದ ಯಾವ ರೋಗಕ್ಕೂ ರಕ್ಷಣೆ ಬರುವುದಿಲ್ಲ, ಲಸಿಕೆಯ ಬದಲು ಬಳಸಬಾರದು ಅಂತ ಆಗಲೇ ಹೇಳಿದ ವಿಶ್ವ ಸಂಘದ ಮಾರ್ಗಸೂಚಿ ಬರೆದವರೇ ಸ್ಪಷ್ಟವಾಗಿ ಹೇಳಿದ್ದಾರೆ. ಹನಿ ಹಾಕಿದ ನಾಯಿಗೆ ರಿಯಾಕ್ಷನ್ ಆಗುವುದಿಲ್ಲ, ನಿಜ. ರಕ್ಷಣೆಯೂ ಸಿಗುವುದಿಲ್ಲ. ಅರಿಶಿನ, ಬೆಳ್ಳುಳ್ಳಿಯೂ ಅಷ್ಟೇ. ಬೆಳ್ಳುಳ್ಳಿ ಜಾಸ್ತಿಯಾದರೆ ನಾಯಿಯ ಕೆಂಪು ರಕ್ತಕಣಕ್ಕೇ ಹಾನಿ. "ಅರ್ಧ ಡೋಸ್ ಕೊಡಿ, ಸಣ್ಣ ನಾಯಿ ಅಲ್ವಾ" ಅನ್ನುವವರಿಗೂ ನನ್ನದು ಇಲ್ಲ ಅನ್ನುವ ಉತ್ತರವೇ. ಲಸಿಕೆಯ ಡೋಸ್ ತೂಕದ ಲೆಕ್ಕದ್ದಲ್ಲ. ರೋಗನಿರೋಧಕ ಶಕ್ತಿಯನ್ನು ಎಬ್ಬಿಸಲು ಬೇಕಾದಷ್ಟು ಅದರಲ್ಲಿರುತ್ತದೆ. ಅರ್ಧ ಕೊಟ್ಟರೆ ರಕ್ಷಣೆಯ ಭರವಸೆ ಹೋಗುತ್ತದೆ, ಅಲರ್ಜಿಗೆ ಒಂದು ಹನಿಯೂ ಸಾಕು.

ರೇಬೀಸ್ ವಿಷಯದಲ್ಲಿ ನಾನು ಯಾರ ಹತ್ತಿರವೂ ರಾಜಿ ಆಗುವುದಿಲ್ಲ. ಲಕ್ಷಣ ಕಾಣಿಸಿಕೊಂಡ ಮೇಲೆ ಹೆಚ್ಚುಕಮ್ಮಿ ಯಾರೂ ಉಳಿಯದ ರೋಗ ಇದು, ನಾಯಿಗೂ ಮನುಷ್ಯರಿಗೂ. ತೋಟದ ಕಾರ್ಮಿಕರ ಲೈನ್ ಮನೆಗಳಲ್ಲಿ ಮಕ್ಕಳು ನಾಯಿಗಳ ಜೊತೆಯೇ ಬೆಳೆಯುತ್ತಾರೆ. ನಾಯಿಗಳಿಂದ ಹರಡುವ ರೇಬೀಸನ್ನು 2030ರೊಳಗೆ ಕೊನೆಗಾಣಿಸಬೇಕು ಅಂತ ದೇಶ ಗುರಿ ಇಟ್ಟುಕೊಂಡಿದೆ. ಅದಕ್ಕೆ ಪ್ರತಿ ಮನೆಯ ನಾಯಿಯೂ ಲೆಕ್ಕಕ್ಕೆ ಬರುತ್ತದೆ. ರೇಬೀಸ್ ಟೈಟರ್ ಪರೀಕ್ಷೆ ಇದೆ, ನಾಯಿಯನ್ನು ವಿದೇಶಕ್ಕೆ ಕರೆದೊಯ್ಯುವವರು ಮಾಡಿಸುತ್ತಾರೆ. ಆದರೆ ಲಸಿಕೆ ತಪ್ಪಿಸಿಕೊಳ್ಳಲು ಅದು ನೆಪವಾಗಬಾರದು.

ಹಾಗಾದರೆ ಒಮ್ಮೆ ಮುಖ ಊದಿದ ನಾಯಿಗೆ ರೇಬೀಸ್ ಲಸಿಕೆ ಹೇಗೆ? ಡ್ಯಾಶ್‌ಹಂಡ್‌ಗೆ ಮಾಡಿದ್ದನ್ನೇ ಹೇಳುತ್ತೇನೆ. ಹಿಂದೆ ಕೊಟ್ಟದ್ದು ಯಾವ ಕಂಪನಿಯದು ಅಂತ ಕಾರ್ಡಿನ ಸ್ಟಿಕ್ಕರ್ ನೋಡಿ, ಬೇರೆ ಕಂಪನಿಯ ಒಂದೇ ಡೋಸಿನ ಬಾಟಲಿ ತರಿಸಿದೆ. ಅಲರ್ಜಿ ಬರುವುದು ಬಹಳ ಸಲ ರೋಗಾಣುವಿನ ಭಾಗಕ್ಕಲ್ಲ, ಲಸಿಕೆ ತಯಾರಿಸುವಾಗ ಉಳಿದುಕೊಂಡ ದನದ ಸೀರಮ್‌ನಂಥ ಪ್ರೋಟೀನಿಗೆ. ಅದು ಕಂಪನಿಯಿಂದ ಕಂಪನಿಗೆ ಹೆಚ್ಚುಕಮ್ಮಿ ಇರುತ್ತದೆ. ಬೆಳಿಗ್ಗೆ ಬಾಗಿಲು ತೆರೆದ ಕೂಡಲೇ ಬರಹೇಳಿದೆ. ಮುಂಗಾಲಿನ ಕೂದಲು ಬೋಳಿಸಿ ಮೊದಲೇ ಕ್ಯಾನುಲಾ (ರಕ್ತನಾಳಕ್ಕೆ ಔಷಧಿ ಬಿಡುವ ಸಣ್ಣ ನಳಿಕೆ) ಹಾಕಿಟ್ಟೆ. ಏನಾದರೂ ಆದರೆ ರಕ್ತನಾಳ ಹುಡುಕುತ್ತಾ ಕೂರುವ ಹಾಗಿರಬಾರದು. ಅಲರ್ಜಿ ತಗ್ಗಿಸುವ ಏವಿಲ್ ಇಂಜೆಕ್ಷನ್ ಕೊಟ್ಟು ಸುಮಾರು ಅರ್ಧ ಗಂಟೆ ಬಿಟ್ಟೆ. ಅಡ್ರಿನಾಲಿನ್ ಸಿರಿಂಜಿನಲ್ಲಿ ಎಳೆದು ಟ್ರೇಯಲ್ಲಿಟ್ಟೆ, ಡ್ರಿಪ್ ನೇತುಹಾಕಿದೆ. ಆಮೇಲೆ ಲಸಿಕೆ. ಏವಿಲ್ ಕೊಟ್ಟ ಮಾತ್ರಕ್ಕೆ ಏನೂ ಆಗುವುದಿಲ್ಲ ಅಂತಿಲ್ಲ. ಅದು ಸಣ್ಣ ಅಲರ್ಜಿಯನ್ನು ತಡೆಯಬಹುದು, ದೊಡ್ಡದಕ್ಕೆ ಅಡ್ರಿನಾಲಿನ್ನೇ ಬೇಕು. ಅದಕ್ಕೇ ಮನೆಯಲ್ಲಿ ಒಂದು ಮಾತ್ರೆ ನುಂಗಿಸಿ, ಎಲ್ಲೋ ಕ್ಯಾಂಪಿನಲ್ಲಿ ಲಸಿಕೆ ಹಾಕಿಸಿಕೊಂಡು ಹೋಗುವುದು ಇಂಥ ನಾಯಿಗೆ ಸರಿಯಲ್ಲ.

ಅಮ್ಮ ನಾಯಿಯನ್ನು ಮಡಿಲಲ್ಲಿಟ್ಟುಕೊಂಡು ಮಧ್ಯಾಹ್ನದವರೆಗೆ ಕೂತರು. ಪ್ರತಿ ಕಾಲು ಗಂಟೆಗೊಮ್ಮೆ ಒಸಡಿನ ಬಣ್ಣ, ನಾಡಿ ನೋಡಿದೆವು. ಒಂದು ಕಣ್ಣಿನ ಕೆಳಗೆ ಚೂರು ಊತ ಬಂದು ಇಳಿಯಿತು, ಅಷ್ಟೇ. ಅದನ್ನೂ ಕಾರ್ಡಿನಲ್ಲಿ ಬರೆದೆ: ಯಾವ ಲಸಿಕೆ, ಬ್ಯಾಚ್ ನಂಬರ್, ಎಷ್ಟು ಹೊತ್ತಿಗೆ ಏನು ಕಂಡಿತು. ಬ್ಯಾಚ್ ಸ್ಟಿಕ್ಕರ್ ಅಂಟಿಸದ ಕಾರ್ಡನ್ನು ಯಾರೇ ಕೊಟ್ಟರೂ ಅಲ್ಲೇ ಕೇಳಿ ಹಾಕಿಸಿಕೊಳ್ಳಿ.

ನಿಮ್ಮ ನಾಯಿಗೂ ಹಿಂದೆ ಹೀಗೆ ಆಗಿದ್ದರೆ ಹಳೆಯ ಕಾರ್ಡ್ ಎಷ್ಟೇ ಹರಿದಿದ್ದರೂ ಎಸೆಯಬೇಡಿ, ಆಗ ತೆಗೆದ ಫೋಟೋ ಇದ್ದರೆ ತನ್ನಿ. ಶನಿವಾರ ಸಂಜೆ ಬರಬೇಡಿ. ವಾರದ ನಡುವೆ ಬೆಳಿಗ್ಗೆ ಬನ್ನಿ, ಅರ್ಧ ದಿನ ಬಿಡುವು ಮಾಡಿಕೊಂಡೇ ಬನ್ನಿ. ಭಾಗಮಂಡಲ, ನಾಪೋಕ್ಲು ಕಡೆಯವರು ಮೇ ಮುಗಿಯುವುದರೊಳಗೆ ಮುಗಿಸಿಕೊಳ್ಳಿ. ಜೂನ್ ದಾಟಿದರೆ ರಸ್ತೆಗೆ ನೀರು ಬರುತ್ತದೆ, ಕರೆಂಟ್ ಹೋದರೆ ದಿನಗಟ್ಟಲೆ ಬರುವುದಿಲ್ಲ. ಲಸಿಕೆ 2ರಿಂದ 8 ಡಿಗ್ರಿಯಲ್ಲೇ ಇರಬೇಕು. ಮಳೆಗಾಲದಲ್ಲಿ ಎಲ್ಲಿ ಹಾಕಿಸಿದರೂ "ಫ್ರಿಜ್‌ಗೆ ಬ್ಯಾಕಪ್ ಇದೆಯಾ?" ಅಂತ ಕೇಳಲು ಸಂಕೋಚ ಪಡಬೇಡಿ. ನನ್ನನ್ನೂ ಕೇಳಿ.