ಬಿಸ್ಕೆಟ್‌ನ ಜೂಲು ಎಡಕ್ಕೆ ಬೀಳ್ತದೆ

ಮೊನ್ನೆ ಶನಿವಾರ ಮಗಳು ಒಂದು ಮಾತು ಅಂದ್ಲು, ಅವತ್ತಿಂದ ತಲೇಲಿ ಅದೇ ಸುತ್ತಾ ಇದೆ, ಬರೆದಾದ್ರೂ ಬಿಡೋಣ ಅಂತ ಕೂತೆ.

ಇಲ್ಲಿ ಇಂಗ್ಲೆಂಡಿನ ಯಾರ್ಕ್‌ಶೈರ್‌ನಲ್ಲಿ ನಮ್ಮ ಹಿಂದಿನ ರಸ್ತೇಲಿ ಒಬ್ರು ವಯಸ್ಸಾದ ಹೆಂಗಸು ನಾಲ್ಕು ಪೋನಿ, ಅಂದ್ರೆ ಗಿಡ್ಡ ಜಾತಿ ಕುದುರೆ, ಸಾಕಿದ್ದಾರೆ. ಶನಿವಾರ ಮಗಳು ಅಲ್ಲಿ ಲದ್ದಿ ಬಾಚ್ತಾಳೆ, ಬದಲಿಗೆ ಅರ್ಧ ಗಂಟೆ ಸವಾರಿ ಸಿಗ್ತದೆ. ಮನೇಲಿ ಕುಡಿದ ಲೋಟ ಎತ್ತಿಡದ ಹುಡುಗಿ ಅಲ್ಲಿ ಲದ್ದಿ ಬಾಚೋದು ನೋಡಿದ್ರೆ ನಗು ಬರ್ತದೆ, ಇರ್ಲಿ. ಅವಳದ್ದು ಅಂತ ಅವಳೇ ಅಂದ್ಕೊಂಡಿರೋ ಪೋನಿ ಹೆಸರು ಬಿಸ್ಕೆಟ್. ಬಣ್ಣವೂ ಹಂಗೇ.

ಬಿಸ್ಕೆಟ್‌ನ ತೊಂದ್ರೆ ಅಂದ್ರೆ ಅದರ ಜೂಲು ಎಡಕ್ಕೆ ಬೀಳ್ತದೆ. ಜೂಲು ಅಂದ್ರೆ ಕತ್ತಿನ ಮೇಲಿನ ಕೂದಲು, ಅಯಾಲು ಅಂತಾನೂ ಅಂತಾರೆ. ನಮ್ಮನೇಲಿ ಈ ಎರಡೂ ಶಬ್ದ ಯಾರೂ ಆಡಿದ್ದಿಲ್ಲ, ಕುದುರೆ ಇದ್ರೆ ತಾನೆ. ಎಡಕ್ಕೆ ಬಿದ್ರೆ ಏನಾಯ್ತು ಅಂದೆ. ಆ ಅಮ್ಮ ನನ್ನ ಮುಖ ನೋಡಿದ ರೀತಿ, ನಮ್ಮೂರಲ್ಲಿ ಚಪ್ಪಲಿ ಹಾಕ್ಕೊಂಡು ದೇವರ ಕೋಣೆಗೆ ಹೋದವರನ್ನ ನೋಡ್ತಾರಲ್ಲ, ಅದೇ. ಜೂಲು ಬಲಕ್ಕೇ ಇರ್ಬೇಕಂತೆ. ಹಿಂದೆ ಸಿಪಾಯಿಗಳು ಎಡ ಸೊಂಟಕ್ಕೆ ಕತ್ತಿ ಕಟ್ಕೊಳ್ತಿದ್ರು, ಬಲಗಡೆಯಿಂದ ಹತ್ತಿದ್ರೆ ಕತ್ತಿ ಕಾಲಿಗೆ ಸಿಕ್ಕೊಳ್ತದೆ ಅಂತ ಎಡದಿಂದ ಹತ್ತೋ ರೂಢಿ ಬಂತು, ಜೀನು ಬಿಗಿಯೋದು, ಹಗ್ಗ ಹಿಡಿದು ನಡೆಸೋದು ಎಲ್ಲಾ ಎಡದಿಂದಲೇ, ಹಂಗಾಗಿ ಕೂದಲು ಆಚೆ ಬದಿಗೆ ಇರೋದು ಚೆಂದ ಅಂತ ಅವರ ಲೆಕ್ಕ. ಎಡಕ್ಕೆ ನಿಯರ್‌ಸೈಡ್, ಬಲಕ್ಕೆ ಆಫ್‌ಸೈಡ್ ಅಂತಾರೆ. ಇಲ್ಲಿ ಕಾರ್ ಗ್ಯಾರೇಜಲ್ಲಿ ‘ನಿಯರ್‌ಸೈಡ್ ಟೈರ್’ ಅಂದಾಗ ನಂಗೆ ಎರಡು ವರ್ಷ ಅರ್ಥ ಆಗಿರ್ಲಿಲ್ಲ, ಈಗ ಆಯ್ತು. ಕತ್ತಿ ಹೋಯ್ತು, ಸಿಪಾಯಿ ಹೋದ, ಶಾಸ್ತ್ರ ಉಳೀತು.

ಕುದುರೆಗೆ ಮಾತ್ರ ಈ ಶಾಸ್ತ್ರ ಗೊತ್ತಿಲ್ಲ. ಅದೇ ಲಾಯದಲ್ಲಿ ನೋಡಿದೆ, ಒಂದರದ್ದು ಬಲಕ್ಕೆ, ಬಿಸ್ಕೆಟ್‌ದು ಎಡಕ್ಕೆ, ಮುದಿ ಕುದುರೆ ಒಂದಿದೆ ಅದರದ್ದು ದಪ್ಪ ಕೂದಲು, ನಡುವೆ ಬೈತಲೆ ತೆಗೆದ ಹಾಗೆ ಎರಡೂ ಕಡೆಗೆ. ಮರಿಗಳಿಗಂತೂ ಬ್ರಷ್ ಥರ ನೆಟ್ಟಗೆ ನಿಂತಿರ್ತದೆ. ಮಂಗೋಲಿಯಾದ ಕಾಡುಕುದುರೆಗೆ ಸಾಯೋ ತನಕ ಹಂಗೇ ನಿಂತಿರ್ತದೆ.

‘ನಿಮ್ಮ ಕಡೆ ಕುದುರೆ ಇದ್ವಾ’ ಅಂತ ಆಯಮ್ಮ ಕೇಳಿದ್ರು. ಸಿರ್ಸಿಲಿ ನಾನು ನೋಡಿದ ಕುದುರೆ ಯಾವ್ದು ಹೇಳಿ, ಯಕ್ಷಗಾನದ ಅಶ್ವಮೇಧದ್ದು, ರಾತ್ರಿಯಿಡೀ ಅದರ ಸಲುವಾಗಿ ಯುದ್ಧ, ಕುದುರೆ ಮಾತ್ರ ರಂಗಸ್ಥಳಕ್ಕೇ ಬರೋದಿಲ್ಲ. ಅದನ್ನ ಹೇಳೋಕೆ ಹೋಗದೆ ಭಟ್ಕಳ, ಹೊನ್ನಾವರದ ಬಂದರು ಹೇಳಿದೆ. ವಿಜಯನಗರಕ್ಕೆ ಹೋದ ಅರಬ್ಬಿ ಕುದುರೆ ಎಷ್ಟೋ ನಮ್ಮ ಆ ಬಂದರುಗಳಲ್ಲೇ ಇಳಿದಿದ್ದು. 1485ರ ಸುಮಾರಿಗೆ ಪಟ್ಟಕ್ಕೆ ಬಂದ ಸಾಳುವ ನರಸಿಂಹ ಸಾವಿರ ಪರ್ದಾವಿಗೆ, ಅಂದ್ರೆ ಆಗಿನ ಚಿನ್ನದ ನಾಣ್ಯಕ್ಕೆ, ಮೂರರಂತೆ ಕುದುರೆ ಕೊಳ್ತಿದ್ನಂತೆ, ಹಡಗಲ್ಲಿ ಸತ್ತಿದ್ರೆ ವ್ಯಾಪಾರಿ ಅದರ ಬಾಲ ತಂದು ತೋರಿಸಿದ್ರೆ ಸಾಕು, ಬದುಕಿದ ಕುದುರೆದೇ ರೇಟು. ಇದನ್ನ ಬರೆದಿಟ್ಟಿದ್ದು ನೂನಿಜ್ ಅನ್ನೋ ಪೋರ್ಚುಗೀಸ, ಅವನೂ ಕುದುರೆ ವ್ಯಾಪಾರಿನೇ. ಆಯಮ್ಮ ಬಾಯಿ ತೆರೆದು ಕೇಳಿದ್ರು. ನಂಗೆ ಒಂದಿಂಚು ಎತ್ತರ ಆದಂಗಾಯ್ತು, ಸುಳ್ಳು ಯಾಕೆ ಹೇಳ್ಲಿ.

ಇಷ್ಟರಲ್ಲಿ ಬಿಸ್ಕೆಟ್‌ಗೆ ಜಡೆ ಶುರು ಆಗಿತ್ತು. ಒದ್ದೆ ಬ್ರಷ್‌ನಲ್ಲಿ ಜೂಲನ್ನೆಲ್ಲ ಬಲಕ್ಕೆ ಬಾಚಿ, ಕಿವಿ ಹಿಂದಿನಿಂದ ಹೆಗಲ ತನಕ ಸಣ್ಣ ಸಣ್ಣ ಜಡೆ ಹೆಣೆದು, ತುದಿಗೆ ಪುಟ್ಟ ರಬ್ಬರ್ ಬ್ಯಾಂಡ್. ಹಿಂಗೆ ಕೆಲವು ದಿನ ಬಿಟ್ರೆ ಕೂದಲು ಕಲೀತದಂತೆ. ಬಿಸ್ಕೆಟ್ ಸುಮ್ನೆ ನಿಂತಿತ್ತು, ಕಿವಿ ಮಾತ್ರ ಒಂದು ಹಿಂದೆ ಒಂದು ಮುಂದೆ. ಮಗಳು ಅದರ ಮೂಗು ಸವರ್ತಾ ಇದ್ದೋಳು ನನ್ನ ಕಡೆ ತಿರುಗಿ ಕನ್ನಡದಲ್ಲಿ ಕೇಳಿದ್ಲು,

‘ಅಮ್ಮ, ಬಿಸ್ಕೆಟ್‌ಗೂ ಸಿರ್ಸಿಲಿ ಅಮ್ಮಮ್ಮ ಇದ್ದಾರಾ?’

ನನ್ ಮಗಳು ಎಡಚಿ. ಇಲ್ಲಿ ಸ್ಕೂಲಲ್ಲಿ ಮೊದಲ ವಾರನೇ ಅವಳಿಗೆ ಎಡಗೈಯವರ ಕತ್ತರಿ ಬೇರೆ ಕೊಟ್ರು, ಅದಕ್ಕೊಂದು ಮೀಟಿಂಗೂ ಇಲ್ಲ ಏನಿಲ್ಲ. ಈ ಮೇ ತಿಂಗಳಲ್ಲಿ ಊರಿಗೆ ಹೋದಾಗ ಅಣ್ಣನ ಮಗನ ಉಪನಯನ. ಪಂಕ್ತೀಲಿ ಕೂತು ಅವಳು ಎಡಗೈಲಿ ಹೋಳಿಗೆ ಮುರಿದ್ಲು ನೋಡಿ, ಬಡಿಸೋನು ತುಪ್ಪದ ಪಾತ್ರೆ ಹಿಡ್ಕೊಂಡು ನಿಂತೇಬಿಟ್ಟ. ಪಕ್ಕದಲ್ಲಿದ್ದ ಆಯಿ, ಅಂದ್ರೆ ನನ್ನಮ್ಮ, ಬೈಲಿಲ್ಲ ಗದರಲಿಲ್ಲ, ಅವಳ ಎಡಗೈ ಮೆತ್ತಗೆ ಎತ್ತಿ ಅವಳದೇ ತೊಡೆ ಕೆಳಗೆ ಇಟ್ಟು ‘ಹಿಂಗೆ ಕೂತ್ಗ ಕೂಸೆ’ ಅಂದ್ಲು. ಮಗಳು ಊಟ ಮುಗಿಯೋ ತನಕ ಆ ಕೈ ಮೇಲೇ ಕೂತಿದ್ಲು, ಏಳುವಾಗ ಬೆರಳೆಲ್ಲ ಬಿಳಿಚಿತ್ತು. ಎದುರು ಸಾಲಲ್ಲಿ ನಾನಿದ್ದೆ. ನೋಡಿ ಸುಮ್ನೇ ಇದ್ದೆ. ನೆಂಟರು ಇದ್ರು ಅನ್ನೋದು ಒಂದು ನೆಪ.

ಅವತ್ತು ಸಂಜೆ ವಿಡಿಯೋ ಕಾಲಲ್ಲಿ ಮಗಳೇ ಬಿಸ್ಕೆಟ್ ಕಥೆ ತೆಗೆದ್ಲು. ನಮ್ಮನೆ ದೇವರ ಕೋಣೇಲಿ ವಾದಿರಾಜರ ಪಟ ಇದೆ, ಸಿರ್ಸಿ ಕಡೆ ಸುಮಾರು ಮನೇಲಿ ಇರ್ತದೆ, ಅವರ ಮಠ ಇರೋ ಸೋದೆ ಹತ್ರ ಅಲ್ವಾ. ಗುರುಗಳು ಕಡಲೆಬೇಳೆ ಬೆಲ್ಲದ ಹಯಗ್ರೀವದ ಹರಿವಾಣ ತಲೆ ಮೇಲೆ ಇಟ್ಕೊಂಡಿದ್ದಾರೆ, ದೇವರು ಬಿಳಿ ಕುದುರೆಯಾಗಿ ಹಿಂದಿಂದ ಅವರ ಹೆಗಲ ಮೇಲೆ ಮುಂಗಾಲು ಇಟ್ಟು ತಿಂತಿದ್ದಾನೆ. ‘ಅಮ್ಮಮ್ಮ, ಆ ಕುದುರೆದು ಯಾವ ಕಡೆ ಇದೆ’ ಅಂತ ಪ್ರಶ್ನೆ. ಆಯಿ ‘ತಡಿ ನೋಡ್ತಿ’ ಅಂತ ಫೋನ್ ಹಿಡ್ಕೊಂಡೇ ಎದ್ಲು, ನಮಗೆ ಸ್ವಲ್ಪ ಹೊತ್ತು ಬರೀ ಮಾಡು, ಬಲ್ಬು ಕಂಡ್ವು. ಆಮೇಲೆ ದನಿ ಬಂತು, ‘ಎಡಕ್ಕಿದ್ದು… ಅಲ್ದೇ, ಕುದ್ರೆ ಎಡವೋ ಯನ್ನ ಎಡವೋ?’

ನಾವಿಬ್ರೂ ನಕ್ಕಿದ್ದೇ ನಕ್ಕಿದ್ದು. ನಗ್ತಾ ಇರುವಾಗಲೇ ಮಗಳು ಆ ಮಾತನ್ನೂ ಹೇಳಿಬಿಟ್ಲು, ಬಿಸ್ಕೆಟ್‌ನ ಅಮ್ಮಮ್ಮನ ಮಾತು. ಆಯಿ ಏನೂ ಹೇಳ್ಲಿಲ್ಲ. ‘ಅಡಿಕೆ ಸುಲಿಯದು ಬಾಕಿ ಇದ್ದು’ ಅಂತ ಫೋನ್ ಇಟ್ಲು.

ಅಡಿಕೆ ಅಂದಾಗ ನಂಗೆ ನೆನಪಾಯ್ತು. ಚಿಕ್ಕವಳಿದ್ದಾಗ ರಾತ್ರಿ ಜಗಲೀಲಿ ಅಡಿಕೆ ಸುಲಿಯೋಕೆ ಹತ್ತು ಹನ್ನೆರಡು ಜನ ಸಾಲಾಗಿ ಕೂರ್ತಿದ್ರು, ಆಯಿ ಯಾವಾಗ್ಲೂ ಸಾಲಿನ ಎಡತುದಿಗೆ, ಗೋಡೆ ಬದಿಗೆ. ಅದು ಅವಳ ಜಾಗ ಅಂತಷ್ಟೇ ತಿಳ್ಕೊಂಡಿದ್ದೆ. ನಡುವೆ ಕೂತ್ರೆ ಅವಳ ಮೊಣಕೈ ಪಕ್ಕದವರಿಗೆ ತಾಗ್ತಿತ್ತು, ಯಾಕಂದ್ರೆ ಅವಳು ಅಡಿಕೆಯನ್ನ ಕತ್ತಿಗೆ ಒತ್ತುತ್ತಿದ್ದಿದ್ದು ಎಡಗೈಲಿ. ಊಟ ಬಲಗೈ, ಆರತಿ ಬಲಗೈ, ಅಡಿಕೆ ಮಾತ್ರ ಎಡಗೈ. ನಲವತ್ತು ವರ್ಷ ಕಣ್ಣೆದುರಿಗೇ ಇತ್ತು.

ಬುಧವಾರ ಜಡೆ ಬಿಚ್ಚಿದ್ರು. ಎರಡು ದಿನ ಜೂಲು ಸುಕ್ಕುಸುಕ್ಕಾಗಿ ಬಲಕ್ಕೇ ನಿಂತಿತ್ತಂತೆ, ಶುಕ್ರವಾರ ಮಳೆ ಬಂತು, ಬಿಸ್ಕೆಟ್ ಮೈ ಕೊಡವಿತು, ಅಲ್ಲಿಗೆ ಮುಗೀತು. ನಿನ್ನೆ ಆಯಿನೇ ಫೋನ್ ಮಾಡಿ ‘ಆ ಕುದ್ರೆ ಕೂದ್ಲು ಎಂತಾತೇ?’ ಅಂದ್ಲು. ಮತ್ತೆ ಎಡಕ್ಕೆ ಬಿತ್ತು ಆಯಿ ಅಂದೆ. ‘ಹೌದಾ’ ಅಂದು ಸ್ವಲ್ಪ ಹೊತ್ತು ಬಿಟ್ಟು, ‘ಕೂಸು ಊಟ ಮಾಡ್ಚಾ?’ ಅಂತ ಕೇಳಿದ್ಲು. ಯಾವ ಕೈಲಿ ಅಂತ ಕೇಳಲಿಲ್ಲ.